ರಿಂಗ್ ರೋಡ್‌ನಲ್ಲಿ ಬಲಕ್ಕೆ ತಿರುಗುವ ಜಂಕ್ಷನ್: ಹಂಪ್ ಕೇಳಬೇಕಾ, ಲೇನ್ ಕೇಳಬೇಕಾ?

ಬೋಗಾದಿ ಕಡೆಯವಳು (ಪ್ರಶ್ನೆ)

ನಮ್ಮ ಬಡಾವಣೆ ಸಂಘದಿಂದ ಒಂದು ಅರ್ಜಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ವಿಷಯ, ಮೈಸೂರಿನ ರಿಂಗ್ ರೋಡ್‌ನಿಂದ ನಮ್ಮ ಬಡಾವಣೆಗೆ ತಿರುಗುವ ಜಂಕ್ಷನ್. ಸಂಘದಲ್ಲಿ ಎಲ್ಲರದ್ದೂ ಒಂದೇ ಮಾತು: "ಹಂಪ್ ಹಾಕಿಸಿ ಅಂತ ಬರೀರಿ, ಸಾಕು." ನನಗೆ ಯಾಕೋ ಅಷ್ಟಕ್ಕೆ ಮುಗಿಯುವ ವಿಷಯ ಅಲ್ಲ ಅನ್ನಿಸುತ್ತಿದೆ. ಇಲ್ಲಿ ರಸ್ತೆ ಕೆಲಸ ಗೊತ್ತಿರುವವರು ಇದ್ದೀರಿ, ಹಾಗಾಗಿ ಕೇಳುತ್ತಿದ್ದೇನೆ.

ಜಾಗ ಹೀಗಿದೆ. ರಿಂಗ್ ರೋಡ್ ಆರು ಲೇನ್, ಮಧ್ಯೆ ಅಗಲವಾದ ಡಿವೈಡರ್, ಅದರಲ್ಲಿ ಗಿಡ. ಅಡ್ಡ ಬರುವ ನಮ್ಮ ಬಡಾವಣೆ ರಸ್ತೆ ಎರಡು ಲೇನ್. ನಾಲ್ಕು ಕಡೆಯೂ ಸಿಗ್ನಲ್ ಇದೆ. ಹಗಲು ಒಂದೊಂದು ಕಡೆಗೆ ಒಂದೊಂದು ಸಲ ಹಸಿರು ಬೀಳುತ್ತದೆ. ರಾತ್ರಿ, ಮತ್ತೆ ಸಿಗ್ನಲ್ ಕೆಟ್ಟಾಗ, ಬರೀ ಹಳದಿ ಮಿನುಗುತ್ತಿರುತ್ತದೆ. ಬಲಕ್ಕೆ ತಿರುಗುವವರಿಗೆ ಅಂತ ಬೇರೆ ಜಾಗ ಇಲ್ಲ. ಸ್ಟಾಪ್ ಲೈನ್ ಹತ್ತಿರ ರಸ್ತೆ ಮೇಲೆ ಬಾಣ ಬಿಡಿಸಿದ್ದಾರೆ, ಅಷ್ಟೇ.

ಕೆಂಪು ಬಿದ್ದ ಕೂಡಲೇ ಮೂರು ಲೇನ್ ಐದು ಸಾಲಾಗುತ್ತದೆ. ಬಲಕ್ಕೆ ಹೋಗಬೇಕಾದ ಆಟೋ ಎಡಗಡೆ ನಿಂತಿರುತ್ತದೆ. ನೇರ ಹೋಗುವ ಕಾರು ಡಿವೈಡರ್‌ಗೆ ಅಂಟಿಕೊಂಡಿರುತ್ತದೆ. ಹಸಿರು ಬಿದ್ದ ಮೇಲೆ ಒಬ್ಬರ ಮುಂದೆ ಒಬ್ಬರು ಅಡ್ಡ ಹಾಕಿಕೊಂಡು ಹೋಗುತ್ತಾರೆ. ಸಣ್ಣಪುಟ್ಟ ಉಜ್ಜಾಟ ದಿನಾ ಇದ್ದದ್ದೇ. ಎಲ್ಲರೂ ಬೈಯುವುದು ಒಂದೇ, "ಜನಕ್ಕೆ ಸೆನ್ಸ್ ಇಲ್ಲ."

ಆದರೆ ಅದೇ ರಿಂಗ್ ರೋಡ್‌ನಲ್ಲಿ ಸ್ವಲ್ಪ ಮುಂದೆ ಇನ್ನೊಂದು ಜಂಕ್ಷನ್ ಇದೆ. ಅಲ್ಲಿ ಡಿವೈಡರ್ ಕೊರೆದು ಬಲಕ್ಕೆ ಹೋಗುವವರಿಗೆ ಒಂದು ಉದ್ದನೆಯ ಜಾಗ ಬಿಟ್ಟಿದ್ದಾರೆ. ಅಲ್ಲಿ ಇದೇ ಜನ, ಇದೇ ಆಟೋಗಳು, ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ! ನಮ್ಮ ಜಂಕ್ಷನ್‌ಗೆ ಬಂದ ತಕ್ಷಣ ಇವರ ಸೆನ್ಸ್ ಎಲ್ಲಿಗೆ ಹೋಯಿತು?

ಇನ್ನೊಂದು ಅಪ್ಪನ ವಿಷಯ. ಎಪ್ಪತ್ತು ದಾಟಿದೆ. ಗಾಡಿ ಚೆನ್ನಾಗಿಯೇ ಓಡಿಸುತ್ತಾರೆ. ಆದರೆ ಈ ಜಂಕ್ಷನ್‌ನಲ್ಲಿ ಬಲಕ್ಕೆ ತಿರುಗುವುದೇ ಇಲ್ಲ. ನೇರ ಮುಂದೆ ಹೋಗಿ, ಡಿವೈಡರ್ ತೆರೆದಿರುವ ಕಡೆ ಯೂ ಟರ್ನ್ ಹೊಡೆದು, ವಾಪಸ್ ಬಂದು ಎಡಕ್ಕೆ ತಿರುಗುತ್ತಾರೆ. "ಎದುರಿಗೆ ನಿಂತಿರೋ ಗಾಡಿ ಹಿಂದೆ ಏನು ಬರ್ತಿದೆ ಅಂತ ಕಾಣೋದೇ ಇಲ್ಲ ಕಣಮ್ಮ" ಅನ್ನುತ್ತಾರೆ. ಅಮ್ಮ ಪೆಟ್ರೋಲ್ ದಂಡ ಅಂತ ಗೊಣಗುತ್ತಾರೆ. ಅಪ್ಪ ಮಾಡುತ್ತಿರುವುದು ನಿಜಕ್ಕೂ ಸೇಫಾ?

ಕೊನೆಯದಾಗಿ ಫ್ರೀ ಲೆಫ್ಟ್, ಅಂದರೆ ಸಿಗ್ನಲ್‌ಗೆ ಕಾಯದೆ ಎಡಕ್ಕೆ ತಿರುಗುವುದು. ಬಡಾವಣೆ ಕಡೆಯಿಂದ ರಿಂಗ್ ರೋಡ್‌ಗೆ ಎಡಕ್ಕೆ ಸೇರುವ ಮೂಲೆಯನ್ನು ಈಚೆಗೆ ಅಗಲ ಮಾಡಿದ್ದಾರೆ. ಈಗ ಅಲ್ಲಿ ಯಾರೂ ಬ್ರೇಕ್ ಮುಟ್ಟುವುದೇ ಇಲ್ಲ. ಆ ತಿರುವು ಮುಗಿಯುವ ಕಡೆಯೇ ಬಸ್ ಸ್ಟಾಪ್. ಮಕ್ಕಳು ಅಲ್ಲೇ ದಾಟಬೇಕು.

ಅರ್ಜಿಯಲ್ಲಿ ಏನು ಕೇಳಲಿ? "ದಯವಿಟ್ಟು ಸರಿಪಡಿಸಿ" ಅಂತ ಬರೆದರೆ ಒಂದು ಡಬ್ಬ ಬಣ್ಣ ತಂದು ಬಳಿದು ಹೋಗುತ್ತಾರೆ ಅನ್ನುವುದು ಗೊತ್ತು.

ಬಿಳಿ ಗೆರೆ

ಹಂಪ್ ಕೇಳಬೇಡಿ ಮೇಡಂ. ಆರು ಲೇನ್ ರಸ್ತೆಯಲ್ಲಿ, ಅದೂ ಸಿಗ್ನಲ್ ಮುಂದೆ ಹಂಪ್ ಹಾಕಿದರೆ ಮುಂದಿನವನು ಬ್ರೇಕ್ ಒತ್ತುತ್ತಾನೆ, ಹಿಂದಿನವನು ಹಸಿರು ನೋಡಿಕೊಂಡು ಬರುತ್ತಿರುತ್ತಾನೆ. ಈಗ ಪಕ್ಕದಿಂದ ಉಜ್ಜುತ್ತಿರುವವರು ಆಮೇಲೆ ಹಿಂದಿನಿಂದ ಗುದ್ದುತ್ತಾರೆ.

ನಾನು ಜಂಕ್ಷನ್ ನಕ್ಷೆ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಈಗ ಧಾರವಾಡದಲ್ಲಿ ಆರಾಮ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಅದೇ ಜನ ಒಂದು ಕಡೆ ಸಾಲಾಗಿ ನಿಲ್ಲುತ್ತಾರೆ, ಇನ್ನೊಂದು ಕಡೆ ನುಗ್ಗುತ್ತಾರೆ ಅಂದರೆ ಬದಲಾಗಿರುವುದು ಜನ ಅಲ್ಲ, ಜಾಗ.

ಬಾಣದ ವಿಷಯ ಮೊದಲು. ಸ್ಟಾಪ್ ಲೈನ್ ಹತ್ತಿರ ಬಿಡಿಸಿದ ಬಾಣ ಯಾರಿಗೆ ಕಾಣುತ್ತದೆ? ಮೊದಲು ಬಂದು ನಿಂತವನ ಟೈರ್ ಕೆಳಗೆ ಇರುತ್ತದೆ ಅದು. ಹಿಂದಿನವನಿಗೆ ಕಾಣುವುದು ಮುಂದಿನ ಗಾಡಿಯ ನಂಬರ್ ಪ್ಲೇಟ್ ಮಾತ್ರ. ಯಾವ ಲೇನ್ ಯಾವ ಕಡೆಗೆ ಅನ್ನುವುದು ಚಾಲಕನಿಗೆ ಸಾಲು ಶುರುವಾಗುವುದಕ್ಕಿಂತ ಮುಂಚೆ ಗೊತ್ತಾಗಬೇಕು. ಬಾಣ ಹಿಂದಕ್ಕೆ, ಎರಡು ಮೂರು ಸಲ ಬರಬೇಕು. ಜೊತೆಗೆ ತಲೆ ಮೇಲೆ ಬೋರ್ಡ್ ಬೇಕು. ಕೊನೆ ಕ್ಷಣದಲ್ಲಿ ಗೊತ್ತಾದವನು ಅಡ್ಡ ಹಾಕದೆ ಇನ್ನೇನು ಮಾಡುತ್ತಾನೆ? ಅಂಥವನನ್ನು ಪೊಲೀಸರು ಹಿಡಿದು ದಂಡ ಹಾಕಬಹುದು. ಮುಂದಿನ ಸಿಗ್ನಲ್‌ಗೆ ಬೇರೆಯವನು ಬಂದಿರುತ್ತಾನೆ.

ಈಗ ಬಲಕ್ಕೆ ತಿರುಗುವ ಲೇನ್. ನಮ್ಮ ಕಡೆ ಪಾಕೆಟ್ ಅನ್ನುತ್ತೇವೆ. ಇದಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕಿಂತ ಸಿಗ್ನಲ್‌ಗೆ ಏನಾಗುತ್ತದೆ ಅನ್ನುವುದು ಮುಖ್ಯ. ಪಾಕೆಟ್ ಇಲ್ಲದ ಕಡೆ ಎದುರುಬದುರು ಎರಡು ಕಡೆಗೂ ಒಟ್ಟಿಗೆ ಹಸಿರು ಕೊಡಲಾಗುವುದಿಲ್ಲ. ಕೊಟ್ಟರೆ ಬಲಕ್ಕೆ ಹೋಗಬೇಕಾದ ಮೊದಲ ಗಾಡಿ ಎದುರಿನ ಗಾಡಿಗಳಿಗೆ ಕಾಯುತ್ತಾ ನಿಲ್ಲುತ್ತದೆ, ಹಿಂದಿನ ಲೇನ್ ಪೂರಾ ಜಾಮ್. ಅದಕ್ಕೇ ಒಂದೊಂದು ಕಡೆಗೆ ಒಂದೊಂದು ಸರದಿ. ನಾಲ್ಕು ಕಡೆಗೆ ತಲಾ 30 ಸೆಕೆಂಡ್ ಅಂದರೂ ಒಂದು ಸುತ್ತಿಗೆ 120 ಸೆಕೆಂಡ್. ಒಮ್ಮೆ ತಪ್ಪಿದರೆ ಒಂದೂವರೆ ನಿಮಿಷ ಕಾಯಬೇಕು ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಹಳದಿ ಬಿದ್ದರೂ ನುಗ್ಗುತ್ತಾರೆ. ಕೆಂಪು ಬಿದ್ದಾಗ ಎಲ್ಲಿ ಸಂದು ಸಿಕ್ಕರೆ ಅಲ್ಲಿ ತೂರಿಕೊಂಡು ಮುಂದಕ್ಕೆ ಬರುತ್ತಾರೆ. ನಿಮ್ಮ ಐದು ಸಾಲು ಹುಟ್ಟುವುದು ಇಲ್ಲಿಂದ. ಪಾಕೆಟ್ ಇದ್ದರೆ ಎರಡು ನೇರಗಳನ್ನು ಒಟ್ಟಿಗೆ, ಎರಡು ಬಲಗಳನ್ನು ಒಟ್ಟಿಗೆ ಬಿಡಬಹುದು. ಬಲಕ್ಕೆ ಬೇರೆ ಬಾಣದ ದೀಪ ಕೊಡಬಹುದು. ಕಾಯುವುದು ಕಡಿಮೆಯಾಗುತ್ತದೆ. ಕಾಯುವುದು ಕಡಿಮೆಯಾದರೆ ನುಗ್ಗುವುದೂ ಕಡಿಮೆ.

ಪಾಕೆಟ್ ಎಷ್ಟು ಉದ್ದ ಬೇಕು? ಲೆಕ್ಕ ಸುಲಭ, ನೀವೇ ಮಾಡಬಹುದು. ಸಂಜೆ ಜಾಸ್ತಿ ಗಾಡಿ ಇರುವ ಒಂದು ಗಂಟೆ ನಿಂತು ಬಲಕ್ಕೆ ತಿರುಗುವವರನ್ನು ಎಣಿಸಿ. 180 ಕಾರು ಬಂತು ಅಂದುಕೊಳ್ಳಿ. ಸುತ್ತು 120 ಸೆಕೆಂಡ್ ಅಂದರೆ ಗಂಟೆಗೆ 30 ಸುತ್ತು. ಒಂದು ಸುತ್ತಿಗೆ 6 ಕಾರು. ಒಮ್ಮೊಮ್ಮೆ ಜಾಸ್ತಿ ಬರುತ್ತವೆ, ಹಾಗಾಗಿ ಒಂದೂವರೆ ಪಟ್ಟು ಹಿಡಿಯಬೇಕು, 9 ಕಾರು. ನಿಂತ ಕಾರಿಗೆ ಸಂದು ಸೇರಿ ಆರೂವರೆ ಮೀಟರ್ ಅಂದರೆ ಸುಮಾರು 60 ಮೀಟರ್. ಇದರ ಹಿಂದೆ ನಿಧಾನಕ್ಕೆ ಓರೆಯಾಗಿ ಒಳಗೆ ಸೇರುವ ಜಾಗ ಬೇರೆ. ಬಸ್ಸು, ಲಾರಿ ಇದ್ದರೆ ಅವಕ್ಕೆ ಇನ್ನೂ ಉದ್ದ ಹಿಡಿಯಬೇಕು. 25 ಮೀಟರ್ ಪಾಕೆಟ್ ಕೊರೆದು "ಕೊಟ್ಟಿದ್ದೇವಲ್ಲ" ಅನ್ನುವುದುಂಟು. ಐದನೇ ಕಾರು ಬಾಲ ಹೊರಗಿಟ್ಟುಕೊಂಡು ನೇರ ಹೋಗುವ ಲೇನ್‌ನಲ್ಲಿ ನಿಲ್ಲುತ್ತದೆ. ಅದು ಪಾಕೆಟ್ ಇಲ್ಲದ್ದಕ್ಕಿಂತ ಕೆಟ್ಟದ್ದು. ಯಾಕಂದರೆ ಹಿಂದಿನಿಂದ ವೇಗವಾಗಿ ಬರುವವನು ಆ ಲೇನ್ ಖಾಲಿ ಇದೆ ಅಂದುಕೊಂಡು ಬರುತ್ತಿರುತ್ತಾನೆ.

ಇನ್ನು ನಿಮ್ಮ ತಂದೆಯವರು. ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಹಳದಿ ಮಿನುಗುವಾಗ ಎರಡೂ ಕಡೆ ಬಲಕ್ಕೆ ತಿರುಗುವವರು ಎದುರುಬದುರು ನಿಂತಿರುತ್ತಾರೆ. ಡಿವೈಡರ್ ಅಗಲ ಇದ್ದು, ಅದನ್ನು ಕೊರೆಯದೆ ಹಾಗೇ ಬಿಟ್ಟಿದ್ದರೆ ಎದುರಿನವನು ನಿಮ್ಮ ಬಲಕ್ಕೆ ನಿಲ್ಲುತ್ತಾನೆ. ಅವನ ಹಿಂದೆಯೇ, ಇನ್ನೂ ಬಲಕ್ಕೆ, ನೇರ ಬರುವ ಉಳಿದ ಲೇನ್‌ಗಳು. ಅಂದರೆ ನೀವು ನೋಡಲೇಬೇಕಾದ ಜಾಗಕ್ಕೆ ಅವನ ಗಾಡಿಯೇ ಗೋಡೆ. ಎದುರಿಗೆ ಬಸ್ ನಿಂತರಂತೂ ಕೇಳುವುದೇ ಬೇಡ. ಡಿವೈಡರ್ ಒಳಕ್ಕೆ ಆಳವಾಗಿ ಪಾಕೆಟ್ ಕೊರೆದರೆ ನೀವು ಬಲಕ್ಕೆ ಸರಿಯುತ್ತೀರಿ, ಅವನು ಅವನ ಬಲಕ್ಕೆ ಸರಿಯುತ್ತಾನೆ. ಇಬ್ಬರಿಗೂ ಒಬ್ಬರ ಪಕ್ಕದಿಂದ ಒಬ್ಬರಿಗೆ ರಸ್ತೆ ತೆರೆದು ಕಾಣುತ್ತದೆ. ನಿಮ್ಮ ಡಿವೈಡರ್ ಅಗಲ ಇದೆ ಅಂದಿರಿ. ಅದು ನಿಮ್ಮ ಪುಣ್ಯ. ಗಿಡ ನಾಲ್ಕು ಹೋಗಬಹುದು, ಅದಕ್ಕೆ ಸಂಘದಲ್ಲಿ ಗಲಾಟೆ ಆಗುತ್ತದೆ, ತಯಾರಾಗಿರಿ.

ಕಾಣುವುದಷ್ಟೇ ಅಲ್ಲ, ಅಂದಾಜೂ ಬೇಕು. ನಿಂತ ಕಾರು ಎದುರಿನ ಒಂದು ಲೇನ್ ದಾಟಿ ತಿರುಗುವುದಕ್ಕೆ ಅಮೆರಿಕದ ವಿನ್ಯಾಸ ಕೈಪಿಡಿಯಲ್ಲಿ 5.5 ಸೆಕೆಂಡ್ ಹಿಡಿಯುತ್ತಾರೆ. ಮುಂದಿನ ಪ್ರತಿ ಲೇನ್‌ಗೂ ಅರ್ಧ ಸೆಕೆಂಡ್ ಜಾಸ್ತಿ. ಮೂರು ಲೇನ್‌ಗೆ 6.5 ಸೆಕೆಂಡ್ ಆಯಿತು. ಎದುರಿನ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅಷ್ಟರಲ್ಲಿ ಸುಮಾರು 108 ಮೀಟರ್ ಬಂದಿರುತ್ತದೆ. ರಾತ್ರಿ ಎರಡು ದೀಪ ನೋಡಿ ಅದು 100 ಮೀಟರಾ, 70 ಮೀಟರಾ, ಬೈಕಾ, ಕಾರಾ ಅಂತ ಹೇಳುವುದು ವಯಸ್ಸಾದವರಿಗಷ್ಟೇ ಅಲ್ಲ, ಯಾರಿಗೂ ಕಷ್ಟವೇ.

ಹಾಗಂತ ಅವರ ಯೂ ಟರ್ನ್ ಸೇಫ್ ಅಂತ ಈಗಲೇ ಹೇಳುವುದಿಲ್ಲ. ಯೂ ಟರ್ನ್ ಮಾಡುವ ಕಡೆ ಡಿವೈಡರ್ ಪಕ್ಕ ನಿಲ್ಲಲು ಜಾಗ ಇದೆಯಾ? ಇಲ್ಲದಿದ್ದರೆ ವೇಗದ ಲೇನ್‌ನಲ್ಲೇ ನಿಂತು ಕಾಯಬೇಕು. ತಿರುಗಿದ ಮೇಲೆ ನಿಮ್ಮ ಬಡಾವಣೆಯ ಎಡ ತಿರುವು ಎಷ್ಟು ದೂರ? ಡಿವೈಡರ್ ಪಕ್ಕದಿಂದ ಮೂರು ಲೇನ್ ಅಡ್ಡ ದಾಟಿ ಎಡಕ್ಕೆ ಬರಬೇಕಲ್ಲ. ಇವೆರಡು ಹೇಳಿ, ಆಮೇಲೆ ಮಾತಾಡೋಣ.

ಫ್ರೀ ಲೆಫ್ಟ್ ಬಗ್ಗೆ ನನಗೆ ಸಿಟ್ಟೇ ಇದೆ, ಅದನ್ನು ಬೇರೆ ಬರೆಯುತ್ತೇನೆ.

ಹತ್ತು ಚಕ್ರ

ಮೇಡಂ, ನಾನು ದಾವಣಗೆರೆ ಕಡೆಯವನು. ಲಾರಿ ಓಡಿಸುತ್ತೇನೆ. ಇಂಜಿನಿಯರ್ ಸಾಹೇಬರು ಹೇಳಿದ ಪಾಕೆಟ್ ಮಾತು ಸರಿ. ನಮಗೂ ಒಳ್ಳೆಯದು. ಮೂಲೆ ವಿಷಯದಲ್ಲಿ ಮಾತ್ರ ನಮ್ಮ ಕಷ್ಟ ಒಂಚೂರು ಕೇಳಿ.

ಉದ್ದದ ಗಾಡಿ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರ ಹೋದ ದಾರಿಯಲ್ಲಿ ಬರುವುದಿಲ್ಲ. ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಹಾಗಾಗಿ ನಾವು ಮೊದಲು ಸ್ವಲ್ಪ ಬಲಕ್ಕೆ ತೆಗೆದು, ಆಮೇಲೆ ಎಡಕ್ಕೆ ಕಟ್ ಮಾಡುತ್ತೇವೆ. ಬೈಕಿನವರು ಆ ಬಲಕ್ಕೆ ತೆಗೆದದ್ದನ್ನು ನೋಡಿ "ಲಾರಿ ಬಲಕ್ಕೆ ಹೋಗ್ತಿದೆ" ಅಂದುಕೊಂಡು ಎಡಗಡೆ ಖಾಲಿ ಜಾಗಕ್ಕೆ ನುಗ್ಗುತ್ತಾರೆ. ಎಡಗಡೆ ಬಾಗಿಲಿನ ಕೆಳಗೆ ಏನಿದೆ ಅಂತ ನಮ್ಮ ಸೀಟಿನಿಂದ ಕಾಣುವುದಿಲ್ಲ. ಕ್ಲೀನರ್ ಇದ್ದರೆ ಗಾಡಿ ತಟ್ಟಿ ಹೇಳುತ್ತಾನೆ. ಈಗ ಎಷ್ಟು ಗಾಡಿಯಲ್ಲಿ ಕ್ಲೀನರ್ ಇದ್ದಾನೆ ಹೇಳಿ. ಮೂಲೆ ಚಿಕ್ಕದು ಮಾಡಿದಷ್ಟೂ ನಾವು ಬಲಕ್ಕೆ ಜಾಸ್ತಿ ತೆಗೆಯಬೇಕು, ಆ ಖಾಲಿ ಜಾಗ ಇನ್ನೂ ದೊಡ್ಡದಾಗುತ್ತದೆ.

ಇನ್ನೊಂದು, "ಜಂಕ್ಷನ್ ಮುಚ್ಚಿ, ಮುಂದೆ ಹೋಗಿ ತಿರುಗಲಿ" ಅಂತ ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿ. ತುಮಕೂರಿನಿಂದ ಹುಬ್ಬಳ್ಳಿವರೆಗೆ ಹೈವೇಯಲ್ಲಿ ನೋಡುತ್ತಲೇ ಇರುತ್ತೇವೆ. ಊರ ಮುಂದಿನ ಡಿವೈಡರ್ ಮುಚ್ಚಿದ ಕಡೆ ಊರಿನವರು ಮುಂದೆ ಹೋಗಿ ತಿರುಗುವುದಿಲ್ಲ. ಉಲ್ಟಾ ಬರುತ್ತಾರೆ. ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಟಿಕೊಂಡು, ದೀಪ ಇಲ್ಲದೆ, ರಾತ್ರಿ ನಮ್ಮ ಎದುರಿಗೇ ಬಂದಿರುತ್ತದೆ. ಅವರದ್ದೂ ತಪ್ಪಿಲ್ಲ ಅಂತಲ್ಲ. ಡೀಸೆಲ್ ಯಾರು ಕೊಡುತ್ತಾರೆ ಅವರಿಗೆ?

ಬೋಗಾದಿ ಕಡೆಯವಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಡ್ರೈವರ್ ಅಣ್ಣ, ಬಲಕ್ಕೆ ತೆಗೆದು ಎಡಕ್ಕೆ ಕಟ್ ಮಾಡುವುದು ನನಗೆ ಗೊತ್ತೇ ಇರಲಿಲ್ಲ. ಸ್ಕೂಟರ್ ಓಡಿಸುವ ತಂಗಿಗೆ ಈಗಲೇ ಕಳಿಸಿದೆ.

ಬಿಳಿ ಗೆರೆ ಸರ್, ಅಪ್ಪನನ್ನು ಕೇಳಿದೆ. ಯೂ ಟರ್ನ್ ಕಡೆ ನಿಲ್ಲಲು ಬೇರೆ ಜಾಗ ಇಲ್ಲವಂತೆ. ಇಂಡಿಕೇಟರ್ ಹಾಕಿಕೊಂಡು ಡಿವೈಡರ್ ಪಕ್ಕ ಲೇನ್‌ನಲ್ಲೇ ನಿಲ್ಲುತ್ತಾರಂತೆ. ತಿರುಗಿದ ಮೇಲೆ ನಮ್ಮ ರಸ್ತೆ ಹತ್ತಿರವೇ, ಹಾಗಾಗಿ ಬೇಗ ಬೇಗ ಎಡಕ್ಕೆ ಬರಬೇಕು. ಒಮ್ಮೊಮ್ಮೆ ಬರಲಾಗದೆ ಮುಂದೆ ಹೋಗಿಬಿಡುತ್ತಾರಂತೆ. ಇದನ್ನು ಇಷ್ಟು ದಿನ ಮನೆಯಲ್ಲಿ ಹೇಳಿರಲಿಲ್ಲ!

ಆ ಯೂ ಟರ್ನ್‌ಗೆ ಉಲ್ಟಾ ಬರುವ ಬೈಕುಗಳೂ ಇವೆ, ಡ್ರೈವರ್ ಅಣ್ಣ ಹೇಳಿದ ಹಾಗೇ.

ಎಂಟು ಮೈಲಿ ರಸ್ತೆ

ಶಿವಮೊಗ್ಗದಿಂದ ಬಂದು ಮಿಷಿಗನ್‌ನಲ್ಲಿ, ಡೆಟ್ರಾಯ್ಟ್ ಪಕ್ಕ ಇದ್ದೇನೆ. ನಿಮ್ಮ ತಂದೆ ಮಾಡುತ್ತಿರುವುದನ್ನು ಇಲ್ಲಿ ಸರ್ಕಾರವೇ ಎಲ್ಲರ ಕೈಯಲ್ಲೂ ಮಾಡಿಸುತ್ತದೆ! ಅದಕ್ಕೆ ಮಿಷಿಗನ್ ಲೆಫ್ಟ್ ಅಂತ ಹೆಸರು. ಇಲ್ಲಿ ಗಾಡಿ ರಸ್ತೆಯ ಬಲಗಡೆ ಓಡುವುದರಿಂದ ಎದುರಿನ ಗಾಡಿಗಳನ್ನು ದಾಟಿ ತಿರುಗುವ ತಿರುವು ಎಡದ್ದು. ನನ್ನ ಮಾತಿನಲ್ಲಿ ಎಡ ಅಂದಾಗಲೆಲ್ಲ ನಿಮ್ಮ ಬಲ ಅಂತ ಓದಿಕೊಳ್ಳಿ.

1960ರ ದಶಕದ ಶುರುವಿನಲ್ಲಿ ಡೆಟ್ರಾಯ್ಟ್‌ನ ಏಯ್ಟ್ ಮೈಲ್ ರೋಡ್ ಮತ್ತು ಲಿವರ್ನಾಯ್ ಅವೆನ್ಯೂ ಸೇರುವ ಕಡೆ ಇದು ಶುರುವಾಯಿತು. ದೊಡ್ಡ ಜಂಕ್ಷನ್‌ನಲ್ಲಿ ಎಡಕ್ಕೆ ತಿರುಗುವ ಹಾಗೇ ಇಲ್ಲ. ನೇರ ದಾಟಿ ಸುಮಾರು 200 ಮೀಟರ್ ಮುಂದೆ ಹೋಗಿ, ಡಿವೈಡರ್‌ನಲ್ಲಿ ಯೂ ಟರ್ನ್ ಮಾಡಿ, ವಾಪಸ್ ಬಂದು ಸುಲಭದ ಕಡೆಗೆ (ನಿಮ್ಮ ಎಡ) ತಿರುಗಬೇಕು. ಜಂಕ್ಷನ್ ಸಿಗ್ನಲ್‌ಗೆ ಬರೀ ಎರಡು ಸರದಿ ಸಾಕು. ಬಂದ ಹೊಸತರಲ್ಲಿ ನನಗೆ ತಲೆ ಕೆಟ್ಟಿತ್ತು. ಈಗ ಬೇರೆ ರಾಜ್ಯಕ್ಕೆ ಹೋದರೆ ಎಡಕ್ಕೆ ನೇರ ತಿರುಗುವುದೇ ಭಯ.

ಆದರೆ ಇಲ್ಲಿ ಆ ಯೂ ಟರ್ನ್‌ಗೆ ಏನೇನು ಕೊಟ್ಟಿದ್ದಾರೆ ಅನ್ನುವುದನ್ನು ನೋಡಿ. ಡಿವೈಡರ್ ತುಂಬಾ ಅಗಲ. ತಿರುಗುವವರಿಗೆ ಬೇರೆ ಲೇನ್. ತುಂಬಾ ಕಡೆ ಯೂ ಟರ್ನ್‌ಗೇ ಸಿಗ್ನಲ್. ಡಿವೈಡರ್ ಸಣ್ಣ ಇರುವ ಕಡೆ ಎದುರಿನ ಅಂಚಿನಲ್ಲಿ ರಸ್ತೆಯನ್ನು ಉಬ್ಬಿಸಿ ಲಾರಿ ತಿರುಗಲು ಜಾಗ ಮಾಡಿರುತ್ತಾರೆ. ನಿಮ್ಮಪ್ಪನ ಯೂ ಟರ್ನ್‌ನಲ್ಲಿ ಇದ್ಯಾವುದೂ ಇಲ್ಲ ಅಲ್ವಾ?

ಇಲ್ಲಿನ ಫೆಡರಲ್ ಹೆದ್ದಾರಿ ಇಲಾಖೆಯ ಅಂಕಿಗಳು ಅರ್ಜಿಗೆ ಉಪಯೋಗ ಆಗಬಹುದು. ಎಡಕ್ಕೆ ತಿರುಗಲು ಬೇರೆ ಲೇನ್ ಕೊಟ್ಟ ಜಂಕ್ಷನ್‌ಗಳಲ್ಲಿ ಒಟ್ಟು ಅಪಘಾತ ಶೇ. 28ರಿಂದ 48ರಷ್ಟು ಇಳಿದಿದೆ. ಬಿಳಿ ಗೆರೆ ಸರ್ ಹೇಳಿದ ಹಾಗೆ ಎದುರುಬದುರು ಲೇನ್‌ಗಳನ್ನು ಸರಿಸಿ ನೋಟ ತೆರೆದ ಕಡೆ ಸಾವು ಮತ್ತು ಗಾಯದ ಅಪಘಾತ ಶೇ. 36ರಷ್ಟು ಕಡಿಮೆ. ಸುಲಭದ ಕಡೆ ತಿರುಗುವ ಲೇನ್‌ಗೆ ಲಾಭ ಕಡಿಮೆ, ಶೇ. 14ರಿಂದ 26.

ನಮ್ಮವರ ಸಿಗ್ನಲ್‌ನಲ್ಲಿ ಇಲ್ಲದ ಒಂದು ದೀಪ ಇಲ್ಲಿದೆ, ಮಿನುಗುವ ಹಳದಿ ಬಾಣ. ಮೊದಲು ಇಲ್ಲಿ ದುಂಡು ಹಸಿರು ಕೊಟ್ಟು "ಎದುರಿನವರು ಹೋದ ಮೇಲೆ ತಿರುಗಿ" ಅಂತ ಬಿಡುತ್ತಿದ್ದರು. ಜನ ಹಸಿರು ನೋಡಿ ತಮ್ಮದೇ ಸರದಿ ಅಂದುಕೊಳ್ಳುತ್ತಿದ್ದರು. ಹಳದಿ ಬಾಣ ಮಿನುಗಿದರೆ "ತಿರುಗಬಹುದು, ಆದರೆ ದಾರಿ ಬಿಟ್ಟುಕೊಡು" ಅನ್ನುವುದು ಮನಸ್ಸಿಗೆ ಬೇಗ ಹೋಗುತ್ತದೆ ಅಂತ ಪರೀಕ್ಷೆ ಮಾಡಿ, 2009ರಲ್ಲಿ ದೇಶದ ಸಿಗ್ನಲ್ ಕೈಪಿಡಿಗೇ ಸೇರಿಸಿದರು. ಬಾಣ ಕೊಡಬೇಕಾದರೆ ಮೊದಲು ಲೇನ್ ಬೇರೆ ಇರಬೇಕು ಅನ್ನುವುದನ್ನು ಮರೆಯಬೇಡಿ.

ಇಲ್ಲಿ ಎಲ್ಲಾ ಚೆನ್ನಾಗಿದೆ ಅಂತ ಹೇಳುತ್ತಿಲ್ಲ. ಕೆಂಪು ಇದ್ದರೂ ಬಲಕ್ಕೆ ತಿರುಗಬಹುದು ಅನ್ನುವ ನಿಯಮ 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ, ಪೆಟ್ರೋಲ್ ಉಳಿಸಲು ದೇಶಕ್ಕೆಲ್ಲ ಹರಡಿತು. ಇವತ್ತಿಗೂ ಪಾದಚಾರಿಗಳಿಗೆ ಅದು ಕಾಟ. ಆದರೆ ನ್ಯೂಯಾರ್ಕ್ ನಗರದಲ್ಲಿ ತಿರುಗಬಹುದು ಅನ್ನುವ ಬೋರ್ಡ್ ಇಲ್ಲದೆ ಹಾಗೆ ತಿರುಗುವಂತಿಲ್ಲ. ನಿಮ್ಮ ಫ್ರೀ ಲೆಫ್ಟ್‌ನ ಅಣ್ಣ ಅದು.

ಬಿಳಿ ಗೆರೆ

ಎಂಟು ಮೈಲಿಯವರು ಒಳ್ಳೆಯ ಮಾತು ಹೇಳಿದರು. ನಮ್ಮಲ್ಲಿ ಡಿವೈಡರ್ ಮುಚ್ಚುವವರು ಮಿಷಿಗನ್‌ನ ಅರ್ಧವನ್ನು ಮಾತ್ರ ತರುತ್ತಾರೆ. ಬಲ ತಿರುವು ಮುಚ್ಚುವುದಕ್ಕೆ ನಾಲ್ಕು ಕಾಂಕ್ರೀಟ್ ಕಲ್ಲು ಸಾಕು, ಒಂದು ರಾತ್ರಿಯ ಕೆಲಸ. ಯೂ ಟರ್ನ್‌ಗೆ ಲೇನ್ ಕೊರೆಯುವುದಕ್ಕೆ ಟೆಂಡರ್ ಬೇಕು. ಹಾಗಾಗಿ ಮೊದಲನೆಯದು ಆಗುತ್ತದೆ, ಎರಡನೆಯದು ಆಗುವುದಿಲ್ಲ. ಅಲ್ಲಿ ಕಾರಿನವನಿಗೆ 200 ಮೀಟರ್ ಹೋಗಿ ಬರುವುದು ಏನೂ ಅಲ್ಲ. ನಮ್ಮಲ್ಲಿ ಸೈಕಲ್ಲು, ತಳ್ಳುಗಾಡಿ, ಹಳೆ ಲೂನಾ ಎಲ್ಲಾ ಇವೆ. ಅವರಿಗೆ ಉಲ್ಟಾ ಬರುವುದೇ ಹತ್ತಿರದ ದಾರಿ. ಇದು ನಕ್ಷೆ ಮಾಡುವಾಗಲೇ ಗೊತ್ತಿರುವ ವಿಷಯ.

ಮೇಡಂ, ನಿಮ್ಮ ತಂದೆಯವರ ಯೂ ಟರ್ನ್ ಈಗಿನ ಸ್ಥಿತಿಯಲ್ಲಿ ಜಂಕ್ಷನ್‌ಗಿಂತ ಸೇಫ್ ಅಲ್ಲ. ಹಗಲು ಸಿಗ್ನಲ್ ಇರುವಾಗ ಅವರ ಕಡೆಗೆ ಮಾತ್ರ ಹಸಿರು ಇರುತ್ತದೆ, ಎದುರಿನವರು ನಿಂತಿರುತ್ತಾರೆ. ಆಗ ಜಂಕ್ಷನ್‌ನಲ್ಲೇ ಬಲಕ್ಕೆ ತಿರುಗಲಿ. ಹಳದಿ ಮಿನುಗುವಾಗ ಮೂರನೆಯ ದಾರಿ ಇದ್ದರೆ ನೋಡಿ. ನೇರ ದಾಟಿ, ಮುಂದಿನ ರಸ್ತೆಗೆ ಎಡಕ್ಕೆ ತಿರುಗಿ, ಒಳಗಿನ ಬೀದಿಗಳಲ್ಲಿ ಸುತ್ತಿ ಬಂದು, ಅಡ್ಡರಸ್ತೆಯಿಂದ ಜಂಕ್ಷನ್ ಅನ್ನು ನೇರ ದಾಟುವುದು. ಅಡ್ಡ ದಾಟುವಾಗಲೂ ಎರಡೂ ಕಡೆ ನೋಡಬೇಕು, ಆದರೆ ಎದುರು ನಿಂತ ಗಾಡಿಯ ಗೋಡೆ ಇರುವುದಿಲ್ಲ. ಡಿವೈಡರ್ ಅಗಲ ಇರುವುದರಿಂದ ಕಾರು ಪೂರ್ತಿ ಹಿಡಿಸಿದರೆ ಮಧ್ಯದಲ್ಲಿ ಒಮ್ಮೆ ನಿಂತು ಉಳಿದರ್ಧ ದಾಟಬಹುದು.

ಈಗ ಫ್ರೀ ಲೆಫ್ಟ್. ಮೂಲೆಯ ತಿರುವಿನ ಅಳತೆಯೇ ಅಲ್ಲಿನ ವೇಗದ ಬೋರ್ಡ್. ತ್ರಿಜ್ಯ 25 ಮೀಟರ್ ಇದ್ದರೆ ಕಾರು ಗಂಟೆಗೆ 30 ಕಿ.ಮೀ. ವೇಗದಲ್ಲೇ ತಿರುಗಿಬಿಡುತ್ತದೆ. 6 ಮೀಟರ್ ಇದ್ದರೆ 15ಕ್ಕೆ ಇಳಿಯಲೇಬೇಕು, ಇಲ್ಲದಿದ್ದರೆ ಪಕ್ಕದವರು ಮೈಮೇಲೆ ಬೀಳುತ್ತಾರೆ. "ನಿಧಾನವಾಗಿ ಚಲಿಸಿ" ಅಂತ ಬೋರ್ಡ್ ಹಾಕಿ ಮೂಲೆಯನ್ನು 25 ಮೀಟರ್ ಮಾಡಿದರೆ ಜನ ಕೇಳುವುದು ಮೂಲೆಯ ಮಾತನ್ನೇ.

ಅದಕ್ಕಿಂತ ಅಪಾಯ ಚಾಲಕನ ಕುತ್ತಿಗೆ. ಎಡಕ್ಕೆ ಸೇರುವವನು ಬಲಗಡೆಯಿಂದ ಬರುವ ಗಾಡಿಗಳಲ್ಲಿ ಸಂದು ಹುಡುಕುತ್ತಾ ಕುತ್ತಿಗೆ ಬಲಕ್ಕೆ ತಿರುಗಿಸಿಕೊಂಡಿರುತ್ತಾನೆ. ಗಾಡಿ ಎಡಕ್ಕೆ ಉರುಳುತ್ತಿರುತ್ತದೆ. ನಿಮ್ಮ ಮಕ್ಕಳು ದಾಟುವುದು ಆ ಎಡಗಡೆಯೇ. ಅವನು ಕೆಟ್ಟವನಲ್ಲ, ನೋಡುತ್ತಿಲ್ಲ ಅಷ್ಟೇ. ಹಾಗಾಗಿ ದಾಟುವ ಜಾಗವನ್ನು ತಿರುವಿನ ಕೊನೆಯಿಂದ ಶುರುವಿಗೆ ತನ್ನಿ. ಅಲ್ಲಿ ಅವನಿನ್ನೂ ಮುಂದೆ ನೋಡುತ್ತಿರುತ್ತಾನೆ. ಆ ದಾಟುವ ಪಟ್ಟಿಯನ್ನು ಫುಟ್‌ಪಾತ್ ಎತ್ತರಕ್ಕೆ ಏರಿಸಿ. ನಿಮ್ಮ ಸಂಘದವರಿಗೆ ಹಂಪ್ ಬೇಕೇ ಬೇಕು ಅಂದರೆ ಅವರನ್ನು ಇಲ್ಲಿ ಸಮಾಧಾನ ಮಾಡಬಹುದು. ಬಸ್ ಸ್ಟಾಪ್ ತಿರುವಿನಿಂದ ಮುಂದಕ್ಕೆ ಹೋಗಬೇಕು.

ಹತ್ತು ಚಕ್ರದವರ ಮಾತು ಸುಳ್ಳಲ್ಲ. ಮೂಲೆ ಬಿಗಿ ಮಾಡಿ ಬಸ್ಸನ್ನು ಮರೆತ ನಕ್ಷೆಗಳನ್ನು ನೋಡಿದ್ದೇನೆ. ಬಸ್ಸು ಫುಟ್‌ಪಾತ್ ಮೇಲೆ ಹತ್ತುತ್ತದೆ, ಅಲ್ಲಿ ನಿಂತವರ ಗತಿ? ಅದಕ್ಕೆ ಎರಡು ಉಪಾಯ ಇವೆ. ಒಂದು, ಬಡಾವಣೆ ರಸ್ತೆಗೆ ಬಸ್ಸು ತಿರುಗಿ ಬರುವ ಕಡೆ, ಅಲ್ಲಿ ನಿಲ್ಲುವ ಗಾಡಿಗಳ ಸ್ಟಾಪ್ ಲೈನ್ ಹಿಂದಕ್ಕೆ ಸರಿಸುವುದು. ಆಗ ಬಸ್ಸು ಅಗಲವಾಗಿ ಬೀಸಿಕೊಂಡು ಬರಬಹುದು. ಎರಡು, ಮೂಲೆಯನ್ನು ಎರಡು ಪದರದಲ್ಲಿ ಮಾಡುವುದು. ಹೊರಗಿನ ಪದರ ತಗ್ಗು ಅಂಚಿನ ಒರಟು ಕಲ್ಲಿನದ್ದು. ಕಾರಿನವನು ಗಡಗಡ ಅನ್ನುತ್ತದೆ ಅಂತ ಅದರ ಮೇಲೆ ಹೋಗುವುದಿಲ್ಲ. ಲಾರಿಯ ಹಿಂದಿನ ಚಕ್ರ ಆರಾಮಾಗಿ ಹತ್ತಿ ಇಳಿಯುತ್ತದೆ. ಫುಟ್‌ಪಾತ್ ಅದರ ಹಿಂದೆ, ಗಟ್ಟಿ ಕಂಬಗಳ ಆಚೆ.

ಅರ್ಜಿಯಲ್ಲಿ ಹೀಗೆ ಬರೆಯಿರಿ: ಡಿವೈಡರ್ ಕೊರೆದು ಎರಡೂ ಕಡೆ ಬಲ ತಿರುವಿನ ಪಾಕೆಟ್, ಉದ್ದ ಎಣಿಕೆ ಪ್ರಕಾರ. ಪಾಕೆಟ್ ಆದ ಮೇಲೆ ಬಲಕ್ಕೆ ಬೇರೆ ಬಾಣದ ದೀಪ, ಸಿಗ್ನಲ್ ಸಮಯ ಹೊಸದಾಗಿ. ಬಾಣ ಮತ್ತು ಬೋರ್ಡ್ ಸಾಲಿನ ಬಾಲಕ್ಕಿಂತ ಹಿಂದೆ. ಫ್ರೀ ಲೆಫ್ಟ್ ಮೂಲೆ ಬಿಗಿ, ದಾಟುವ ಪಟ್ಟಿ ಎತ್ತರಿಸಿ. ಭಾರತೀಯ ರಸ್ತೆ ಕಾಂಗ್ರೆಸ್‌ನ ಜಂಕ್ಷನ್ ಮಾರ್ಗಸೂಚಿ 1994ರಿಂದಲೇ ಇದೆ, ಎಸ್‌ಪಿ 41. ಅದರ ಹೆಸರು ಬರೆಯಿರಿ. ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಎಣಿಕೆಯ ಹಾಳೆ ಲಗತ್ತಿಸಿ, ಬೈಕು, ಆಟೋ, ಕಾರು, ಬಸ್ಸು ಬೇರೆ ಬೇರೆ ಬರೆದು.

ಬೋಗಾದಿ ಕಡೆಯವಳು

ಸರ್, ಎಣಿಕೆಗೆ ಸಂಘದ ಪಿಯುಸಿ ಹುಡುಗರನ್ನು ಹಿಡಿದಿದ್ದೇನೆ, ನಾಲ್ಕು ಮೂಲೆಗೆ ನಾಲ್ಕು ಜನ. ಅಪ್ಪ ಒಳಬೀದಿ ದಾರಿ ಕೇಳಿ "ಅಲ್ಲಿ ನಾಯಿ ಜಾಸ್ತಿ" ಅಂದರು. ಕಾರಿನಲ್ಲಿ ಹೋಗುವವರಿಗೆ ನಾಯಿ ಏನು ಮಾಡುತ್ತದೆ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ಆ ಎರಡು ಪದರದ ಮೂಲೆಗೆ ಹೊರಗಿನ ಅಂಚು ಎಷ್ಟು ಎತ್ತರ ಅಂತ ಬರೆಯಲಿ?

ಹತ್ತು ಚಕ್ರ

ಎರಡು ಇಂಚು, ಹೆಚ್ಚೆಂದರೆ ಮೂರು. ಅದೂ ನೆಟ್ಟಗೆ ಬೇಡ, ಇಳಿಜಾರು ಇರಲಿ. ನಿಮ್ಮ ಬಡಾವಣೆಗೆ ನೀರಿನ ಟ್ಯಾಂಕರ್ ಬರುತ್ತದಲ್ಲ, ಅರ್ಧ ತುಂಬಿದ್ದಾಗ ಒಂದು ಕಡೆ ಚಕ್ರ ಹತ್ತಿದರೆ ನೀರೆಲ್ಲ ಇನ್ನೊಂದು ಕಡೆ ನುಗ್ಗಿ ಗಾಡಿ ವಾಲುತ್ತದೆ. ಮತ್ತೆ ಆ ಕಂಬಗಳಿಗೆ ರಾತ್ರಿ ಹೊಳೆಯುವ ಪಟ್ಟಿ ಅಂಟಿಸಲು ಹೇಳಿ ಮೇಡಂ. ಕಪ್ಪು ಕಂಬ ಹಾಕಿದರೆ ನಮಗೆ ಕಾಣುವುದಿಲ್ಲ.